ಎದೆಯ ಸದ್ದಿಗೆ ಕಿವಿಗೊಟ್ಟ ವೈದ್ಯ: ರೆನೆ ಲೆನೆಕ್



ಕಳೆದ ಚಳಿಗಾಲದಲ್ಲಿ ಸೊಲ್ಲಾಪುರದಲ್ಲಿ ನಮ್ಮ ಸಂಘ ನಡೆಸಿದ ಉಸಿರಾಟದ ತಪಾಸಣಾ ಶಿಬಿರ ಹಲವರಿಗೆ ನೆನಪಿರಬಹುದು. ಮಗ್ಗದ ಹತ್ತಿಧೂಳಿನಲ್ಲಿ ಆಯುಷ್ಯ ಕಳೆದವರು, ಬೀಡಿ ಕಟ್ಟುವ ಹೆಣ್ಣುಮಕ್ಕಳು, ಅಕ್ಕಲಕೋಟೆ ಕಡೆಯ ಹಳ್ಳಿಗಳಿಂದ ಬಂದ ಹಿರಿಯರು ಬೆಳಿಗ್ಗೆಯಿಂದಲೇ ಸಾಲಾಗಿ ಕುಳಿತಿದ್ದರು. ವೈದ್ಯರು ಮರಾಠಿಯವರು, ವಯಸ್ಸು ಚಿಕ್ಕದು, ತಾಳ್ಮೆ ದೊಡ್ಡದು. ಅವರ ಪಕ್ಕ ಕುಳಿತು ಮಾತು ದಾಟಿಸುವ ಕೆಲಸ ನನ್ನದಾಗಿತ್ತು.

ಒಬ್ಬ ಅಜ್ಜ ಬಂದು, ನಾಲ್ಕು ಹೆಜ್ಜೆ ನಡೆದರೆ ದಮ್ಮು ಹತ್ತುತ್ತದೆ ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ವೈದ್ಯರು ದಮಾ ಎಂದು ಬರೆದುಕೊಂಡು, ಎಳೆದುಕೊಳ್ಳುವ ಔಷಧಿಯ ಹೆಸರನ್ನೂ ಚೀಟಿಗೆ ಹಾಕಿದ್ದರು. ನಮ್ಮ ಮಾತಿನಲ್ಲಿ ದಮ್ಮು ಹತ್ತುವುದೆಂದರೆ ಏದುಸಿರು ಬರುವುದು. ಅದಕ್ಕೆ ಕಾರಣ ಏನೂ ಇರಬಹುದು. ಮರಾಠಿಯ ದಮಾ ಎಂದರೆ ಅಸ್ತಮಾ, ಒಂದು ನಿರ್ದಿಷ್ಟ ರೋಗ. ಪದ ಹತ್ತಿರದ್ದು, ಅರ್ಥ ದೂರದ್ದು. ಆಮೇಲೆ ಅವರು ಅಜ್ಜನ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟರು. ಒಂದು ಕಡೆ, ಇನ್ನೊಂದು ಕಡೆ, ಮತ್ತೆ ಕೆಳಗೆ. ಅಸ್ತಮಾದ ಸಿಳ್ಳು ಕೇಳಲಿಲ್ಲ. ಶ್ವಾಸಕೋಶದ ಬುಡದಲ್ಲಿ ಎರಡೂ ಕಡೆ ಚಿಟಿಚಿಟಿ ಸದ್ದಿತ್ತು. ಪಾದ ಒತ್ತಿ ನೋಡಿದರೆ ಬೆರಳಿನ ಗುಳಿ ಹಾಗೇ ಉಳಿಯಿತು. ಚೀಟಿ ಹರಿದು ಬೇರೆ ಬರೆದರು. ಅಜ್ಜನ ತೊಂದರೆ ಹೃದಯದ್ದೆಂದು ಮುಂದಿನ ಪರೀಕ್ಷೆಯಲ್ಲಿ ಖಚಿತವಾಯಿತು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ನಿಂತಿತ್ತು.

ನಾನು ಗುಮಾಸ್ತಿಕೆ ಮಾಡಿ ನಿವೃತ್ತನಾದವನು, ವೈದ್ಯಕೀಯ ಓದಿದವನಲ್ಲ. ಆದರೆ ಮಾತು ತಪ್ಪಿದ ಕಡೆ ಕಿವಿ ಕಾಪಾಡಿದ ಆ ಗಳಿಗೆ ಮನಸ್ಸಿನಿಂದ ಹೋಗಲಿಲ್ಲ. ಆ ಸಲಕರಣೆಯನ್ನು ಮಾಡಿದವರು ಯಾರೆಂದು ಹುಡುಕುತ್ತ ಹೋದಾಗ, ಅವರೂ ನಮ್ಮಂತೆ ಒಂದು ಅಂಚಿನ ನಾಡಿನವರು ಎಂದು ತಿಳಿದು ಆಶ್ಚರ್ಯವಾಯಿತು. 2026ರ ಆಗಸ್ಟ್ 13ಕ್ಕೆ ಅವರು ತೀರಿಕೊಂಡು ಇನ್ನೂರು ವರ್ಷ ತುಂಬುತ್ತದೆ. ಆ ನೆಪದಲ್ಲಿ ಈ ಬರಹ.

ರೆನೆ ತೆಯೊಫಿಲ್ ಹಯಸಿಂತ್ ಲೆನೆಕ್ ಹುಟ್ಟಿದ್ದು 1781ರ ಫೆಬ್ರವರಿ 17ರಂದು, ಫ್ರಾನ್ಸಿನ ಪಶ್ಚಿಮ ತುದಿಯಲ್ಲಿ ಸಮುದ್ರದೊಳಗೆ ಚಾಚಿಕೊಂಡಿರುವ ಬ್ರಿಟನಿ ಪ್ರಾಂತದ ಕ್ಯಾಂಪೇರ್ ಊರಿನಲ್ಲಿ. ಅಲ್ಲಿನ ರೈತರ, ಬೆಸ್ತರ ಮನೆಮಾತು ಫ್ರೆಂಚ್ ಅಲ್ಲ, ಬ್ರೆಟನ್. ಅದು ಫ್ರೆಂಚಿನ ಉಪಭಾಷೆಯೂ ಅಲ್ಲ, ಇಂಗ್ಲೆಂಡಿನ ಪಕ್ಕದ ವೇಲ್ಸ್ ನಾಡಿನ ಭಾಷೆಗೆ ನೆಂಟ. ಲೆನೆಕ್ ಮನೆತನ ವಕೀಲಿಕೆಯದು. ಊರಿನ ಇತರ ಓದಿದ ಕುಟುಂಬಗಳಂತೆ ಇವರ ಮನೆಯಲ್ಲೂ ಫ್ರೆಂಚ್ ನಡೆಯುತ್ತಿತ್ತು. ಐದು ವರ್ಷದವನಿದ್ದಾಗ ತಾಯಿ ಹೋದಳು. ತಂದೆ ಕೈಬಿಚ್ಚಿ ಖರ್ಚು ಮಾಡುವವನು, ಕವಿತೆಯ ಹುಚ್ಚಿನವನು, ಮಕ್ಕಳನ್ನು ಸಾಕುವ ಜವಾಬ್ದಾರಿ ಆತನಿಂದ ಆಗುವ ಮಾತಲ್ಲ. ಹುಡುಗ ಮತ್ತು ಅವನ ತಮ್ಮ ಕೊನೆಗೆ ನಾಂತ್ ನಗರದಲ್ಲಿ ವೈದ್ಯನಾಗಿದ್ದ ಚಿಕ್ಕಪ್ಪ ಗಿಯೋಂ ಲೆನೆಕ್ ಮನೆ ಸೇರಿದರು. ಹುಡುಗನ ಬಾಳಿಗೆ ದಿಕ್ಕು ಸಿಕ್ಕಿದ್ದು ಅಲ್ಲಿ.

ಅದು ಫ್ರೆಂಚ್ ಕ್ರಾಂತಿಯ ಕಾಲ. 1793ರ ಹೊತ್ತಿಗೆ ನಾಂತ್ ನಗರದ ಚೌಕದಲ್ಲಿ ತಲೆ ಕಡಿಯುವ ಯಂತ್ರ ನಿಂತಿತ್ತು, ಚಿಕ್ಕಪ್ಪನ ಮನೆಯ ಕಿಟಕಿಗೆ ಅದು ಕಾಣುತ್ತಿತ್ತು. ಲ್ವಾರ್ ನದಿಯಲ್ಲಿ ಸಾವಿರಾರು ಕೈದಿಗಳನ್ನು ದೋಣಿಗೆ ತುಂಬಿ ಮುಳುಗಿಸಿದರು. ಮರುವರ್ಷ ಪ್ಯಾರಿಸ್ಸಿನ ಆಳುವವರು ಬ್ರೆಟನ್ ಭಾಷೆಯನ್ನೇ ಕ್ರಾಂತಿಯ ವೈರಿ ಎಂದು ಸಾರಿದರು. ಹನ್ನೆರಡು ಹದಿಮೂರರ ಹುಡುಗ ಇದನ್ನೆಲ್ಲ ನೋಡುತ್ತ ಬೆಳೆದ. ಹದಿನಾಲ್ಕಕ್ಕೆ ಚಿಕ್ಕಪ್ಪನ ಆಸ್ಪತ್ರೆಯಲ್ಲೇ ವೈದ್ಯ ವಿದ್ಯೆಗೆ ಸೇರಿದ. ಬಿಡುವಿದ್ದಾಗ ಕೊಳಲು ನುಡಿಸುತ್ತಿದ್ದ. ಕಿವಿ ಪಳಗಿದ್ದು ಹೀಗೆ ಎಂದು ನನಗನಿಸುತ್ತದೆ.

1801ರಲ್ಲಿ ಅವರು ಪ್ಯಾರಿಸ್ಸಿಗೆ ಹೋದರು, ನಡೆದುಕೊಂಡೇ ಹೋದರೆಂದು ಹೇಳುತ್ತಾರೆ. ತಂದೆಯಿಂದ ಹಣ ಬರುವುದು ತಡವಾಗುತ್ತಿತ್ತು. ಆದರೂ ಎರಡೇ ವರ್ಷದಲ್ಲಿ ವೈದ್ಯ ಮತ್ತು ಶಸ್ತ್ರವೈದ್ಯ ಎರಡರಲ್ಲೂ ಮೊದಲ ಬಹುಮಾನ ಪಡೆದರು. ಗುರು ಕೊರ್ವಿಸಾರ್, ನೆಪೋಲಿಯನ್ನನ ಖಾಸಗಿ ವೈದ್ಯ. ಎದೆಯ ಮೇಲೆ ಬೆರಳಿನಿಂದ ತಟ್ಟಿ ಒಳಗೆ ಗಾಳಿ ಇದೆಯೋ ನೀರಿದೆಯೋ ಎಂದು ಹೇಳುವ ಕ್ರಮವನ್ನು ಶಿಷ್ಯರಿಗೆ ಹೇಳಿಕೊಟ್ಟವರು ಅವರು. ಈ ಕ್ರಮ ಅವರ ಸ್ವಂತದ್ದಲ್ಲ. ಆಸ್ಟ್ರಿಯಾದ ಔಎನ್‌ಬ್ರುಗರ್ ಎಂಬ ವೈದ್ಯ 1761ರಲ್ಲೇ ಬರೆದಿದ್ದರೂ ಯಾರೂ ಗಮನ ಕೊಟ್ಟಿರಲಿಲ್ಲ. ಆತ ಛತ್ರದವನ ಮಗ, ಪೀಪಾಯಿ ತಟ್ಟಿ ಎಷ್ಟು ತುಂಬಿದೆ ಎಂದು ನೋಡುವ ಮನೆಯಲ್ಲಿ ಬೆಳೆದವನು. ತೆಂಗಿನಕಾಯಿ ತಟ್ಟಿ ಕೊಳ್ಳುವ ನಮಗೆ ಇದನ್ನು ವಿವರಿಸಬೇಕಿಲ್ಲ.

ಲೆನೆಕರ ಮೊದಲ ದೊಡ್ಡ ಕೆಲಸ ಚರ್ಮಕ್ಕೂ ಸಂಬಂಧಿಸಿದ್ದು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಶವಗಳನ್ನು ಪರೀಕ್ಷಿಸುವಾಗ ಶ್ವಾಸಕೋಶದಲ್ಲಿ ಕಪ್ಪು ಗೆಡ್ಡೆಗಳು ಕಾಣುತ್ತಿದ್ದವು. ನೋಡಿದವರು ಅವನ್ನೂ ಮಸಿ ಹಿಡಿದಂತಿದ್ದ ಗ್ರಂಥಿಗಳನ್ನೂ ಒಂದೇ ಎಂದು ಬಿಟ್ಟುಬಿಡುತ್ತಿದ್ದರು. ಇವು ಬೇರೆ, ಅವು ಬೇರೆ, ಈ ಗೆಡ್ಡೆ ಒಂದು ಬಗೆಯ ಅರ್ಬುದ ಎಂದು 1804ರಲ್ಲಿ ಪ್ಯಾರಿಸ್ಸಿನ ವೈದ್ಯರ ಮುಂದೆ ಓದಿ, ಕಪ್ಪು ಎಂಬರ್ಥದ ಗ್ರೀಕ್ ಪದದಿಂದ ಹೆಸರಿಟ್ಟರು. ಇಂದು ಮೆಲನೋಮ ಎನ್ನುವ, ಹೆಚ್ಚಾಗಿ ಚರ್ಮದ ಮಚ್ಚೆಯಂತೆ ಶುರುವಾಗಿ ಒಳಗಿನ ಅಂಗಗಳಿಗೆ ಹರಡುವ ಕಾಯಿಲೆ ಇದೇ. ಆಗ ಅವರಿಗೆ ವಯಸ್ಸು 23. ಈ ಶ್ರೇಯ ಯಾರದೆಂದು ಹಿರಿಯ ದ್ಯುಪ್ಯುಯಿತ್ರಾಂ ಜೊತೆ ಜಗಳವೂ ಆಯಿತು. ಲೆನೆಕ್ ಸುಲಭದ ಮನುಷ್ಯರಲ್ಲ, ಮಾತು ಹರಿತ, ಬಿಟ್ಟುಕೊಡುವ ಸ್ವಭಾವ ಕಡಿಮೆ.

ಅದೇ ವಯಸ್ಸಿನ ಹೊತ್ತಿಗೆ ಇನ್ನೊಂದು ಸಣ್ಣ ಘಟನೆ ನಡೆಯಿತು. ಕ್ಷಯದ ಗಂಟುಗಳಿದ್ದ ಬೆನ್ನುಮೂಳೆಯನ್ನು ಗರಗಸದಿಂದ ಕುಯ್ಯುವಾಗ ಎಡಗೈ ತೋರುಬೆರಳಿಗೆ ಗೀರು ತಗುಲಿತು. ಅಲ್ಲಿ ಚರ್ಮದ ಕೆಳಗೆ ಪುಟ್ಟ ಗಂಟೆದ್ದಿತು. ಔಷಧಿಯಿಂದ ಸುಟ್ಟುಕೊಂಡರು, ಮಾಯಿತು. ಈ ಬೆರಳಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮುಂದಿನ ಹತ್ತು ವರ್ಷ ಖಾಸಗಿ ವೃತ್ತಿ, ಪತ್ರಿಕೆಯ ಕೆಲಸ, ಪಾಠ. 1810ರಲ್ಲಿ ತಮ್ಮ ಕ್ಷಯದಿಂದ ಸತ್ತ. ಸರ್ಕಾರಿ ಹುದ್ದೆ ದೊರೆಯಲಿಲ್ಲ.

ನನ್ನ ಮನಸ್ಸಿಗೆ ಹೆಚ್ಚು ತಟ್ಟಿದ್ದು 1814ರ ಸಂಗತಿ. ನೆಪೋಲಿಯನ್ನನ ಸೈನ್ಯ ಸೋಲುತ್ತ ಹಿಂದೆ ಸರಿಯುತ್ತಿತ್ತು. ಗಾಯಗೊಂಡವರು, ಜ್ವರ ಹಿಡಿದವರು ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ ತುಂಬಿದರು. ಅವರಲ್ಲಿ ಬ್ರಿಟನಿಯ ಹಳ್ಳಿಗಳಿಂದ ಎಳೆದು ತಂದ ಹುಡುಗರು ಅನೇಕರು, ಬ್ರೆಟನ್ ಬಿಟ್ಟು ಬೇರೆ ಮಾತು ಬಾರದವರು. ಎಲ್ಲಿ ನೋಯುತ್ತದೆ ಎಂದು ಕೇಳಿದರೆ ಗೊತ್ತಾಗದು, ಗೊತ್ತಾದರೂ ಹೇಳಲಾಗದು. ಲೆನೆಕ್ ಈ ಹುಡುಗರನ್ನು ಒಂದೇ ಕಡೆ ಸೇರಿಸುವಂತೆ ಮಾಡಿ, ಸಾಲ್ಪೆತ್ರಿಯೇರ್ ಆಸ್ಪತ್ರೆಯಲ್ಲಿ ತಾವೇ ಅವರ ಚಿಕಿತ್ಸೆಗೆ ನಿಂತರು. ಬ್ರೆಟನ್ ಭಾಷೆಯಲ್ಲೇ ವಿಚಾರಿಸುತ್ತಿದ್ದರು. ಅದು ಅವರಿಗೆ ತಾಯಿ ಕಲಿಸಿದ ಮಾತಲ್ಲ, ದೊಡ್ಡವರಾದ ಮೇಲೆ ವ್ಯಾಕರಣ, ನಿಘಂಟು ಇಟ್ಟುಕೊಂಡು ಪಟ್ಟು ಹಿಡಿದು ಕಲಿತದ್ದು.

ಗಡಿಯಲ್ಲಿ ಬದುಕುವ ನಮಗೆ ಈ ವಾರ್ಡಿನ ಚಿತ್ರ ಹೊಸದಲ್ಲ. ಹೊಸೂರಿನಲ್ಲಿ ತಮಿಳು, ಕಾಸರಗೋಡಿನಲ್ಲಿ ಮಲಯಾಳ, ಆದೋನಿಯಲ್ಲಿ ತೆಲುಗು, ಇಲ್ಲಿ ಮರಾಠಿ. ಕಚೇರಿಯಲ್ಲಿ ಹೇಗೋ ನಡೆದೀತು, ಎದೆ ಹಿಡಿದುಕೊಂಡಾಗ ಬರುವುದು ಮನೆಮಾತೇ. ಉಬ್ಬಸ, ಗೂರಲು, ಏದುಸಿರು, ಮೇಲುಸಿರು ಎಂದು ನಮ್ಮಲ್ಲಿ ಒಂದೊಂದು ತೊಂದರೆಗೂ ಒಂದೊಂದು ಪದ ಇದೆ. ನಾನು ಅವನ್ನೆಲ್ಲ ಮರಾಠಿಗೆ ದಾಟಿಸುವಾಗ ಎಷ್ಟನ್ನು ಒಂದೇ ಪದಕ್ಕೆ ಸುರಿದೆನೋ.

1816ರ ಮೇ ತಿಂಗಳಲ್ಲಿ ಲೆನೆಕರ ಆಪ್ತ ಗೆಳೆಯ ಬೇಲ್ ಕ್ಷಯದಿಂದ ತೀರಿಕೊಂಡರು. ಕ್ಷಯದ ಮೇಲೆಯೇ 900 ಶವಪರೀಕ್ಷೆ ನಡೆಸಿ ಪುಸ್ತಕ ಬರೆದ ವೈದ್ಯ ಅವರು. ಅದೇ ವರ್ಷ ಲೆನೆಕರಿಗೆ ಪ್ಯಾರಿಸ್ಸಿನ ನೆಕರ್ ಆಸ್ಪತ್ರೆಯಲ್ಲಿ ಹುದ್ದೆ ಸಿಕ್ಕಿತು. ಬಡವರ ಆಸ್ಪತ್ರೆ ಅದು. ಹೃದಯದ ತೊಂದರೆಯ ಲಕ್ಷಣವಿದ್ದ ಒಬ್ಬ ತರುಣಿಯನ್ನು ನೋಡಬೇಕಾಗಿ ಬಂದಾಗ ಅವರು ತೊಡಕಿಗೆ ಸಿಕ್ಕರು. ಮೈ ತುಂಬಿಕೊಂಡಿದ್ದರಿಂದ ತಟ್ಟಿ ನೋಡಿದರೂ, ಕೈಯಿಟ್ಟು ನೋಡಿದರೂ ಏನೂ ತಿಳಿಯಲಿಲ್ಲ. ಎದೆಗೆ ನೇರವಾಗಿ ಕಿವಿಯಿಡುವುದು ಹರೆಯದ ಹೆಣ್ಣಿನ ವಿಷಯದಲ್ಲಿ ಮರ್ಯಾದೆಯಲ್ಲ. ಮರದ ತೊಲೆಯ ಒಂದು ತುದಿಯಲ್ಲಿ ಸೂಜಿಯಿಂದ ಗೀಚಿದರೆ ಇನ್ನೊಂದು ತುದಿಗೆ ಕಿವಿಯಿಟ್ಟವನಿಗೆ ಸ್ಪಷ್ಟವಾಗಿ ಕೇಳುತ್ತದೆ ಎಂಬ ಸಂಗತಿ ಆಗ ಹೊಳೆಯಿತು. ಕಾಗದದ ಕಟ್ಟೊಂದನ್ನು ಬಿಗಿಯಾಗಿ ಸುರುಳಿ ಸುತ್ತಿ ಒಂದು ತುದಿಯನ್ನು ಎದೆಗೆ, ಇನ್ನೊಂದನ್ನು ಕಿವಿಗೆ ಇಟ್ಟರು. ನೇರ ಕಿವಿಯಿಟ್ಟಾಗ ಕೇಳುವುದಕ್ಕಿಂತ ಚೆನ್ನಾಗಿ ಹೃದಯದ ಬಡಿತ ಕೇಳಿಸಿತು. ಅರಮನೆಯ ಅಂಗಳದಲ್ಲಿ ಮಕ್ಕಳು ತೊಲೆಯ ಮೇಲೆ ಈ ಆಟ ಆಡುವುದನ್ನು ಕಂಡು ಅವರಿಗೆ ಹೊಳೆಯಿತೆಂದು ಪಠ್ಯಪುಸ್ತಕಗಳಲ್ಲಿ ಬರುತ್ತದೆ. ಅವರ ಸ್ವಂತ ಪುಸ್ತಕದಲ್ಲಿ ಮಕ್ಕಳ ಸುದ್ದಿ ಇಲ್ಲ. ಕಥೆ ಚೆಂದ, ಅಷ್ಟೇ.

ಕಾಗದದ ಸುರುಳಿ ಮರದ ಕೊಳವೆಯಾಯಿತು. ಸುಮಾರು ಒಂದು ಅಡಿ ಉದ್ದ, ಒಂದೂವರೆ ಅಂಗುಲ ದಪ್ಪ, ಮಧ್ಯೆ ರಂಧ್ರ, ಬಿಚ್ಚಿ ಜೋಡಿಸುವಂಥದ್ದು. ಹೃದಯ ಕೇಳುವಾಗ ತುದಿಗೊಂದು ಬಿರಡೆ, ಶ್ವಾಸಕೋಶ ಕೇಳುವಾಗ ಅದು ಬೇಡ. ತಿರುಗಣೆಯಲ್ಲಿ ಅವರೇ ಕಡೆದು ಮಾಡುತ್ತಿದ್ದರು. ಎದೆ ಮತ್ತು ನೋಡು ಎಂಬ ಎರಡು ಗ್ರೀಕ್ ಪದ ಸೇರಿಸಿ ಸ್ಟೆತಸ್ಕೋಪ್ ಎಂದು ಹೆಸರಾಯಿತು. ಎರಡು ಕಿವಿಗೂ ನಳಿಗೆ ಇರುವ ಇಂದಿನ ರೂಪ ಬಂದದ್ದು ಅವರ ಕಾಲದ ನಂತರ.

ಸಲಕರಣೆ ಮಾಡಿದ್ದಕ್ಕಿಂತ ದೊಡ್ಡದು ಆಮೇಲಿನ ಮೂರು ವರ್ಷದ ದುಡಿಮೆ. ಕೊಳವೆಯಲ್ಲಿ ಸದ್ದೇನೋ ಕೇಳುತ್ತದೆ, ಆದರೆ ಯಾವ ಸದ್ದಿಗೆ ಏನರ್ಥ? ಯಾರೂ ಬರೆದಿಟ್ಟಿರಲಿಲ್ಲ. ರೋಗಿ ಬದುಕಿರುವಾಗ ಕೇಳಿದ್ದನ್ನು ಬರೆದುಕೊಂಡು, ತೀರಿಕೊಂಡ ಮೇಲೆ ಎದೆ ಬಿಚ್ಚಿ ತಾಳೆ ನೋಡಿದರು. ಒಂದೊಂದು ಸದ್ದಿಗೂ ಒಂದು ಹೆಸರು, ಒಂದು ಹೋಲಿಕೆ ಕೊಟ್ಟರು. ನ್ಯುಮೋನಿಯಾ ಶುರುವಾಗುವಾಗಿನ ಸದ್ದು ಬಾಣಲೆಯಲ್ಲಿ ಉಪ್ಪು ಕಾಯಿಸಿದಾಗಿನ ಚಟಪಟ. ಶ್ವಾಸನಾಳ ಕಿರಿದಾದಾಗ ಪಾರಿವಾಳದ ಗುಟುರು ಅಥವಾ ಹಕ್ಕಿಯ ಚಿಲಿಪಿಲಿ. ಶ್ವಾಸಕೋಶದ ಪೊರೆಯಲ್ಲಿ ನೀರು ತುಂಬಿದಾಗ ರೋಗಿಯ ಮಾತು ಮೇಕೆ ಅರಚಿದಂತೆ ನಡುಗುತ್ತ ಬರುತ್ತದೆ. ಕ್ಷಯದಿಂದ ಕುಳಿ ಬಿದ್ದಿದ್ದರೆ ಮಾತು ಎದೆಯಿಂದಲೇ ಹೊರಟು ನೇರ ಕೊಳವೆಯೊಳಗೆ ಬಂದಂತೆ ಕೇಳುತ್ತದೆ. ಓದಲು ಬಾರದ ಅಡುಗೆಯವಳಿಗೂ ಕುರುಬನಿಗೂ ತಿಳಿಯುವ ಹೋಲಿಕೆಗಳು ಇವು. ಎರಡು ಶತಮಾನ ಕಳೆದರೂ ವೈದ್ಯ ವಿದ್ಯಾರ್ಥಿಗಳು ಇವುಗಳಲ್ಲಿ ಹಲವನ್ನು ಕಲಿಯುತ್ತಾರೆ. ಶಿಬಿರದ ಅಜ್ಜನ ಬೆನ್ನಿನಲ್ಲಿ ಕೇಳಿದ ಚಿಟಿಚಿಟಿಯೂ ಈ ಕುಟುಂಬದ್ದೇ.

ಆ ಬಡವರ ಶವಗಳನ್ನು ಬಿಚ್ಚಲು ಅವರ ಒಪ್ಪಿಗೆ ಯಾರೂ ಕೇಳುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಇಂದಿನ ಪಾಠದ ಹಿಂದೆ ಹೆಸರಿಲ್ಲದ ಆ ಜನರ ಪಾಲೂ ಇದೆ.

ಒಂದು ಸೂಕ್ಷ್ಮ ನೋಡಿ. ಉಸಿರಿನ ಗೊರಗೊರ ಸದ್ದಿಗೆ ಅವರು ಬಳಸಿದ ಫ್ರೆಂಚ್ ಪದ ಸಾಮಾನ್ಯರ ಮಾತಿನಲ್ಲಿ ಸಾಯುವವರ ಗಂಟಲಿನ ಗೊರಕೆಗೆ ಹೇಳುವಂಥದ್ದು. ಹಾಸಿಗೆಯ ಪಕ್ಕ ನಿಂತು ಅದನ್ನು ಹೇಳಿದರೆ ರೋಗಿಯ ಜೀವ ಅಲ್ಲೇ ಹಾರೀತು. ಅದಕ್ಕೆ ರೋಗಿಯ ಮುಂದೆ ಅವರು ಲ್ಯಾಟಿನ್ ಪದ ಬಳಸುತ್ತಿದ್ದರು. ವಿದ್ಯಾರ್ಥಿಗಳಿಗೆ ಹಾಸಿಗೆಯ ಬಳಿ ನಡೆಸುತ್ತಿದ್ದ ಪಾಠವೂ ಲ್ಯಾಟಿನ್‌ನಲ್ಲೇ, ಪರದೇಶದ ಹುಡುಗರಿಗೂ ಅದು ಅನುಕೂಲ. ರೋಗಿಯನ್ನು ಮಾತಾಡಿಸಲು ರೋಗಿಯ ಭಾಷೆ ಕಲಿತವರೇ, ರೋಗಿಯ ಬಗ್ಗೆ ಮಾತಾಡಲು ಅವನಿಗೆ ತಿಳಿಯದ ಭಾಷೆ ಹಿಡಿದರು. ಹೆದರಿಸಬಾರದೆಂಬ ಕಾಳಜಿ ಸರಿ. ಆದರೆ ತನ್ನ ಎದೆಯೊಳಗೆ ಏನಿದೆ ಎಂದು ಸುತ್ತ ನಿಂತವರಿಗೆಲ್ಲ ತಿಳಿದು ತನಗೊಬ್ಬನಿಗೆ ತಿಳಿಯದಿದ್ದರೆ ಹೇಗಿರುತ್ತದೆ? ಇದರಲ್ಲಿ ನಾನು ಅವರ ಪರ ಪೂರ್ತಿ ನಿಲ್ಲಲಾರೆ.

1819ರಲ್ಲಿ ಎರಡು ಸಂಪುಟಗಳ ಗ್ರಂಥ ಪ್ರಕಟವಾಯಿತು. ಕೊಂಡವರು ಸ್ವಲ್ಪ ಹೆಚ್ಚಿಗೆ ಕೊಟ್ಟರೆ ಜೊತೆಗೊಂದು ಮರದ ಕೊಳವೆಯೂ ಸಿಗುತ್ತಿತ್ತು. ನ್ಯುಮೋನಿಯಾದ ಹಂತಗಳು, ಶ್ವಾಸನಾಳ ಹಿಗ್ಗಿ ಕೀವು ನಿಲ್ಲುವ ಕಾಯಿಲೆ, ಎದೆಯ ಪೊರೆಯಲ್ಲಿ ಗಾಳಿ ಸೇರುವುದು, ಎಲ್ಲ ಅದರಲ್ಲಿದೆ. ಶ್ವಾಸಕೋಶದ ಗಾಳಿಚೀಲಗಳು ಹಿಗ್ಗಿ ಸಡಿಲಾಗುವ ಎಂಫಿಸೀಮಾ ಬಗ್ಗೆ ಬರೆದ ಭಾಗ ನಮ್ಮ ಬೀಡಿ ಸೇದುವ ಹಿರಿಯರಿಗೆ ಹತ್ತಿರದ್ದು. ಇಂಥವರ ಎದೆಗೂಡು ಉಬ್ಬಿ ದುಂಡಗಾಗುತ್ತದೆ, ಮೈಬಣ್ಣ ಮಂಕಾಗಿ ಮಣ್ಣಿನಂತಾಗುತ್ತದೆ, ತುಟಿ ನೇರಳೆಯಾಗಿ ದಪ್ಪವಾಗುತ್ತದೆ ಎಂದು ಅವರು ಗುರುತಿಸಿದ್ದರು. ಎದೆಯ ರೋಗವನ್ನು ಚರ್ಮ ಹೇಳುತ್ತದೆ.

ಕಾರಣ ಇಂದು ನಮಗೆ ಸ್ಪಷ್ಟ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕ ಹೊತ್ತಾಗ ಕಡುಕೆಂಪು, ಹೊರದಿದ್ದಾಗ ಕಪ್ಪುಗೆಂಪು. ಅಂಥ ರಕ್ತ ಚರ್ಮದ ಮೂಲಕ ನೀಲಿಯಾಗಿ ಕಾಣುತ್ತದೆ. ಆಮ್ಲಜನಕಕ್ಕೆ ಹೆಸರಿಟ್ಟು, ಉಸಿರಾಟವೂ ಒಂದು ಬಗೆಯ ನಿಧಾನದ ಉರಿ ಎಂದು ತೋರಿಸಿದ ಲವಾಸಿಯೆ ಅದೇ ಕ್ರಾಂತಿಯಲ್ಲಿ 1794ರಲ್ಲಿ ತಲೆ ಕಳೆದುಕೊಂಡವರು. ಲೆನೆಕರ ಬಳಿ ಅಳೆಯುವ ಸಾಧನ ಇರಲಿಲ್ಲ, ಕಣ್ಣೇ ಅಳತೆ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿನ ಆಕ್ಸಿಮೀಟರ್, ಜಪಾನಿನ ತಕುವೊ ಅಯೊಯಾಗಿ 1970ರ ದಶಕದಲ್ಲಿ ಕಂಡುಹಿಡಿದ ತತ್ವದ್ದು. ಎರಡು ಬಗೆಯ ಬೆಳಕನ್ನು ಬೆರಳಿನ ಮೂಲಕ ಹಾಯಿಸಿ ಲೆಕ್ಕ ಹಾಕುತ್ತದೆ. ಕಪ್ಪು ಮೈಬಣ್ಣದವರಲ್ಲಿ ಅದು ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ ಎಂದು 2020ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ್ದಾರೆ. ಉಗುರುಬಣ್ಣ, ತಣ್ಣಗಿನ ಬೆರಳು ಕೂಡ ಲೆಕ್ಕ ಕೆಡಿಸುತ್ತವೆ. ನಮ್ಮ ಮೈಬಣ್ಣದಲ್ಲಿ ಚರ್ಮದ ನೀಲಿ ಬೇಗ ಕಾಣುವುದಿಲ್ಲ. ತುಟಿ, ನಾಲಿಗೆ, ಉಗುರಿನ ಬುಡ, ಕಣ್ಣಿನ ಕೆಳರೆಪ್ಪೆಯ ಒಳಭಾಗ ನೋಡಬೇಕು. ಉಸಿರು ಕಟ್ಟುತ್ತಿದ್ದರೆ ಅಂಕಿ ಚೆನ್ನಾಗಿದೆ ಎಂದು ಮನೆಯಲ್ಲಿ ಕೂರಬಾರದು.

ಗ್ರಂಥ ಹೊರಬರುವಷ್ಟರಲ್ಲಿ ಲೆನೆಕರ ಮೈ ಸೋತಿತ್ತು. ಅದೇ ವರ್ಷ ಕೆಲಸ ಬಿಟ್ಟು ಬ್ರಿಟನಿಯ ದುಆರ್ನೆನೆ ಬಳಿಯ ಕೆರ್ಲುಆರ್ನೆಕ್ ಎಂಬ ತಮ್ಮ ತೋಟದ ಮನೆಗೆ ಹೋದರು. ರೈತರೊಡನೆ ಬ್ರೆಟನ್ ಮಾತಾಡುತ್ತ, ಹೊಲ ನೋಡುತ್ತ ಎರಡು ವರ್ಷ ಕಳೆದಾಗ ಚೇತರಿಸಿಕೊಂಡರು. ಸಮುದ್ರದ ಗಾಳಿಯೇ ಮದ್ದೆಂದು ನಂಬಿದರು. ಎಷ್ಟು ನಂಬಿದರೆಂದರೆ, ಪ್ಯಾರಿಸ್ಸಿಗೆ ಮರಳಿದ ಮೇಲೆ ಕ್ಷಯರೋಗಿಗಳ ವಾರ್ಡಿನಲ್ಲಿ ಕಡಲಪಾಚಿ ತರಿಸಿ ಹರಡಿಸಿದರು. ಪಾಚಿಯಿಂದ ಯಾರೂ ಗುಣವಾಗಲಿಲ್ಲ. ರೋಗ ಪತ್ತೆಯಲ್ಲಿ ಅಷ್ಟು ಮುಂದಿದ್ದವರು ಚಿಕಿತ್ಸೆಯಲ್ಲಿ ತಮ್ಮ ಕಾಲದವರೇ, ರಕ್ತ ತೆಗೆಸುವುದು, ವಾಂತಿ ಮದ್ದು ಕೊಡುವುದು ಅವರಲ್ಲೂ ಇತ್ತು.

1822ರಲ್ಲಿ ಕಾಲೇಜ್ ದ ಫ್ರಾನ್ಸ್ ಪ್ರಾಧ್ಯಾಪಕರಾದರು, ಮರುವರ್ಷ ಶಾರಿತೆ ಆಸ್ಪತ್ರೆಯ ಬೋಧನಾ ಪೀಠವೂ ದೊರೆಯಿತು. ರಾಜಪಕ್ಷದವರೆಂಬ ಕಾರಣಕ್ಕೆ ಸಿಕ್ಕಿತೆಂಬ ದೂರಿತ್ತು, ಅದು ಪೂರ್ತಿ ಸುಳ್ಳಲ್ಲ. ಎಲ್ಲ ರೋಗಕ್ಕೂ ಜಿಗಣೆ ಹಚ್ಚುತ್ತಿದ್ದ ಬ್ರೂಸೆ ಎಂಬ ಪ್ರಸಿದ್ಧ ವೈದ್ಯರೊಡನೆ ಕಟುವಾದ ವಾದ ನಡೆಯಿತು. ಲಂಡನ್ನಿನ ಹಾಡ್ಜ್‌ಕಿನ್ ಇಲ್ಲಿ ಕಲಿತು ತಮ್ಮ ಊರಿಗೆ ಕೊಳವೆ ಒಯ್ದರು. ಗ್ರಂಥವನ್ನು 1821ರಲ್ಲಿ ಇಂಗ್ಲಿಷಿಗೆ ತಂದ ಜಾನ್ ಫೋರ್ಬ್ಸ್ ಮಾತ್ರ, ಈ ಸಲಕರಣೆ ನಿತ್ಯದ ಬಳಕೆಗೆ ಬರುವುದು ಸಂಶಯ ಎಂದು ಮುನ್ನುಡಿಯಲ್ಲೇ ಬರೆದಿದ್ದರು.

1824ರ ಕೊನೆಯಲ್ಲಿ, 43ನೆಯ ವಯಸ್ಸಿಗೆ, ಆರ್ಗೂ ಎಂಬ ವಿಧವೆಯನ್ನು ಮದುವೆಯಾದರು. ಮಕ್ಕಳಾಗಲಿಲ್ಲ. 1826ರಲ್ಲಿ ಗ್ರಂಥದ ಎರಡನೆಯ ಆವೃತ್ತಿ ಸಿದ್ಧವಾಯಿತು. ಅದರಲ್ಲಿ ಬೆರಳಿನ ಗೀರಿನ ಪ್ರಸಂಗವನ್ನು ಬರೆದರು. ಕ್ಷಯ ಅಂಟುವ ರೋಗವೇ ಎಂಬ ಚರ್ಚೆಯ ಭಾಗದಲ್ಲಿ, ಇಪ್ಪತ್ತು ವರ್ಷದ ಹಿಂದೆ ಗಂಟು ಎದ್ದಿತು, ಸುಟ್ಟಮೇಲೆ ತನಗೆ ಏನೂ ಆಗಲಿಲ್ಲ ಎಂಬ ಅರ್ಥದಲ್ಲಿ. ಹಾಗೆ ಬರೆಯುವಾಗ ಅವರು ಕೆಮ್ಮುತ್ತಿದ್ದರು, ಸೊರಗುತ್ತಿದ್ದರು. ಕ್ಷಯದ ರೋಗಾಣುವನ್ನು ಕೋಖ್ ತೋರಿಸಿದ್ದು 1882ರಲ್ಲಿ. ಬೆರಳಿನ ಗೀರಿನಿಂದಲೇ ಬಂತೋ, ತಮ್ಮನಿಂದಲೋ, ಗೆಳೆಯನಿಂದಲೋ, ಸಾವಿರಾರು ರೋಗಿಗಳ ಉಸಿರಿಗೆ ಹತ್ತಿರ ಬಗ್ಗಿದ್ದರಿಂದಲೋ, ಈಗ ಯಾರೂ ಹೇಳಲಾರರು.

ಅಣ್ಣನ ಮಗನಂತಿದ್ದ ಬಂಧು ಮೆರಿಯಾದೆಕ್ ಲೆನೆಕ್ ಅವರ ಶಿಷ್ಯನೂ ಹೌದು. ಗುರುವಿನ ಎದೆಗೆ ಕೊಳವೆ ಇಟ್ಟು ಕೇಳಬೇಕಾದ ಪ್ರಸಂಗ ಆತನಿಗೇ ಬಂತು. ಕೇಳಿದ ಸದ್ದುಗಳಿಗೆ ಹೆಸರಿಟ್ಟವರು ಎದುರಿಗೇ ಮಲಗಿದ್ದರು, ಅರ್ಥ ಇಬ್ಬರಿಗೂ ಗೊತ್ತಿತ್ತು. ಮೇ ಕೊನೆಯಲ್ಲಿ ಲೆನೆಕ್ ಪ್ಯಾರಿಸ್ ಬಿಟ್ಟು ಮತ್ತೆ ಬ್ರಿಟನಿಗೆ ಹೊರಟರು. ಈ ಸಲ ಸಮುದ್ರದ ಗಾಳಿ ಉಳಿಸಲಿಲ್ಲ. 1826ರ ಆಗಸ್ಟ್ 13ರಂದು ಕೆರ್ಲುಆರ್ನೆಕ್‌ನಲ್ಲಿ, 45ನೆಯ ವಯಸ್ಸಿಗೆ, ತೀರಿಕೊಂಡರು. ಪಕ್ಕದ ಪ್ಲೊಆರೆ ಹಳ್ಳಿಯಲ್ಲಿ ಅವರ ಸಮಾಧಿ ಇದೆ. ಉಯಿಲಿನಲ್ಲಿ ಮೆರಿಯಾದೆಕ್‌ಗೆ ಪುಸ್ತಕ, ಗಡಿಯಾರ, ಉಂಗುರ ಬಿಟ್ಟಿದ್ದರು, ಎಲ್ಲಕ್ಕಿಂತ ಹೆಚ್ಚಾಗಿ ತಮ್ಮ ಸ್ಟೆತಸ್ಕೋಪನ್ನು.

ಮುಂದಿನ ಉಸಿರಾಟದ ಶಿಬಿರದ ದಿನಾಂಕವನ್ನು ಕಾರ್ಯಕ್ರಮಗಳ ಪುಟದಲ್ಲಿ ತಿಳಿಸಲಾಗುವುದು. ಈ ಸಲ ಮಾತು ದಾಟಿಸಲು ನಾನೊಬ್ಬ ಸಾಲುವುದಿಲ್ಲ. ಕನ್ನಡ, ಮರಾಠಿ ಎರಡೂ ಚೆನ್ನಾಗಿ ಬಲ್ಲವರು, ಅದರಲ್ಲೂ ಹೆಣ್ಣುಮಕ್ಕಳು, ಸಂಘದ ಕಚೇರಿಯಲ್ಲಿ ಹೆಸರು ಬರೆಸಬೇಕಾಗಿ ವಿನಂತಿ. ತಮ್ಮ ಊರಿನಲ್ಲಿ ಕೆಮ್ಮಿಗೆ, ದಮ್ಮಿಗೆ ಬಳಸುವ ಪದಗಳನ್ನು, ಅರ್ಥ ಸಹಿತ, ಒಂದು ಚೀಟಿಯಲ್ಲಿ ಬರೆದು ತಂದರೆ ಇನ್ನೂ ಒಳ್ಳೆಯದು. ಆ ಅಜ್ಜ ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಕಾಲಿನ ಬಾವು ಇಳಿದಿದೆ, ಮೊನ್ನೆ ಸಂಘದ ಮೆಟ್ಟಿಲು ಹತ್ತಿ ಬಂದಿದ್ದರು.

ಕಾರ್ಯದರ್ಶಿ